ಹೋಂಡಾ ಕೊಟ್ಟು ಪೋರ್ಷೆ ತರುವ ಮುಂಚೆ

ಬೆಂಗಳೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಎರಡು ಕಾರಿನ ಫೋಟೋ ಪಕ್ಕಪಕ್ಕ ಇಟ್ಟು "ಯಾವುದು ಮಾವ?" ಅಂತ ಒಂದೇ ಸಾಲು ಬರೆದು ಸುಮ್ಮನಾಗಿಬಿಟ್ಟಿದ್ದೀಯ. ಅದೇ ಸಂಜೆ ನಿಮ್ಮಮ್ಮನ ಫೋನೂ ಬಂತು. "ಇರೋ ಕಾರು ಚೆನ್ನಾಗೇ ಓಡ್ತಿದೆಯಂತೆ. ಅದನ್ನ ಕೊಟ್ಟು ಇನ್ನೊಂದು ಹಳೇ ಕಾರು ತಗೊಳ್ತಾನಂತೆ. ನೀನೇ ಸ್ವಲ್ಪ ಬುದ್ಧಿ ಹೇಳಣ್ಣ" ಅಂದಳು. ಬುದ್ಧಿ ಹೇಳುವ ಚಪಲ ನನಗಿಲ್ಲ. ಆದರೆ ಗ್ಯಾರೇಜು ಮುಚ್ಚಿದ ಮೇಲೆ ಕಾರಿನ ವಿಚಾರ ಯಾರಾದರೂ ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ ಅನ್ನೋದು ನಿನಗೂ ಗೊತ್ತು, ಅದಕ್ಕೇ ಕೇಳಿದ್ದೀಯ. ಫೋನಿನಲ್ಲಿ ಇಷ್ಟುದ್ದ ಕುಟ್ಟುವ ತಾಳ್ಮೆ ನನ್ನ ಬೆರಳಿಗಿಲ್ಲ. ಕಾಗದದಲ್ಲೇ ಬರೆದು ನಿಮ್ಮತ್ತೆಯ ಕೈಲಿ ಸ್ಕ್ಯಾನ್ ಮಾಡಿಸಿ ಕಳಿಸುತ್ತಿದ್ದೇನೆ.

ಮೊದಲು ನಿಮ್ಮಮ್ಮನ ವಿಷಯ ಮುಗಿಸೋಣ. ಈ ಕಾರಿಗೂ ಎರಡೇ ಸೀಟು, ಆ ಕಾರಿಗೂ ಎರಡೇ ಸೀಟು. ಮಗಳನ್ನು ಸ್ಕೂಲಿಗೆ ಬಿಡೋಕೆ, ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋಗೋಕೆ ನಿಮ್ಮ ವ್ಯಾನು ಇದೆ. ಹಾಗಾಗಿ ಇದು ಪೂರ್ತಿ ನಿನ್ನ ಖುಷಿಯ ಬಾಬತ್ತು. ಸಾಲ ಮಾಡದೆ, ಮನೆ ಖರ್ಚು ಮುಟ್ಟದೆ, ಹೆಂಡತಿ ಒಪ್ಪಿ ಮಾಡುವ ಖುಷಿಗೆ ಯಾರ ಅಪ್ಪಣೆಯೂ ಬೇಡ. ಅವಳಿಗೆ ಅದನ್ನು ನಾನು ಹೇಳಿಕೊಳ್ಳುತ್ತೇನೆ. ನಿನ್ನ ಹತ್ತಿರ ಮಾತಾಡಬೇಕಾದ್ದು ಬೇರೆ ಇದೆ.

ನಿನ್ನದು 2006ರ ಹೋಂಡಾ ಎಸ್2000. ಕಣ್ಣು ಹಾಕಿರುವುದು 2007ರ ಪೋರ್ಷೆ ಕೇಮನ್ ಎಸ್ ಮೇಲೆ. ಕಾಗದದ ಮೇಲಿನ ಲೆಕ್ಕದಲ್ಲಿ ಈ ಪಂದ್ಯ ಎಂದೋ ಮುಗಿದಿದೆ, ಗೆದ್ದದ್ದು ಪೋರ್ಷೆ. ಹೋಂಡಾದ್ದು 2.2 ಲೀಟರಿನ ನಾಲ್ಕು ಸಿಲಿಂಡರು, ಹೆಚ್ಚುಕಡಿಮೆ 240 ಅಶ್ವಶಕ್ತಿ. ಪೋರ್ಷೆಯದು 3.4 ಲೀಟರಿನ ಆರು ಸಿಲಿಂಡರು, ಮೂರಕ್ಕೆ ಮೂರು ಎದುರುಬದುರಾಗಿ ಮಲಗಿಸಿದ್ದು, 295 ಅಶ್ವಶಕ್ತಿ. ನಾವು ಪಿಕಪ್ ಅನ್ನುತ್ತೀವಲ್ಲ, ಆ ಎಳೆಯುವ ಶಕ್ತಿ ನಿನ್ನ ಕಾರಿನಲ್ಲಿ 220 ನ್ಯೂಟನ್ ಮೀಟರ್, ಅದೂ ಎಂಜಿನ್ 6,500 ಸುತ್ತಿನ ಆಸುಪಾಸು ಮುಟ್ಟಿದ ಮೇಲೆ. ಪೋರ್ಷೆಯಲ್ಲಿ 340, ಅದೂ 4,400ಕ್ಕೇ ಕೈಗೆ ಸಿಗುತ್ತೆ. ತೂಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಪೋರ್ಷೆಗೆ ಗಟ್ಟಿ ಛಾವಣಿ ಇದೆ, ಮುಂದೊಂದು ಹಿಂದೊಂದು ಡಿಕ್ಕಿ ಇದೆ, ಸೀಟು ಸೊಂಟಕ್ಕೆ ಹಿತ. ಹೊಸದಿದ್ದಾಗ ಅದರ ಬೆಲೆ 59,000 ಡಾಲರಿನ ಹತ್ತಿರ, ನಿನ್ನದು 34,000ದ ಆಸುಪಾಸು. ಆ ವ್ಯತ್ಯಾಸ ಸುಮ್ಮನೆ ಬಂದದ್ದಲ್ಲ.

ಹಾಗಾದರೆ ಹೋಗಿ ತಂದುಬಿಡು ಅನ್ನಬೇಕಿತ್ತು. ಅನ್ನದೇ ಇರೋಕೆ ಕಾರಣ, ಆಮೇಲೆ ನೀನು ಫೋನಿನಲ್ಲಿ ಹೋಂಡಾದ ಮೇಲೆ ಹೇಳಿದ ದೂರುಗಳು. ಒಂದು, ಪಿಕಪ್ ಇಲ್ಲ, ಆಫೀಸಿಗೆ ಹೋಗುವಾಗ ಸಪ್ಪೆ. ಎರಡು, ಮಳೆಯಲ್ಲಿ, ತಿರುವಿನಲ್ಲಿ ಹಿಂಭಾಗ ಜಾರಿದ ಹಾಗಾಗಿ ಎದೆ ಝಲ್ಲೆನ್ನುತ್ತೆ. ಮೂರು, ಫ್ರೀವೇಯಲ್ಲಿ ಬಟ್ಟೆಯ ಟಾಪಿನ ಸದ್ದು. ನಾಲ್ಕನೆಯದನ್ನು ನೀನು ಹೇಳಲಿಲ್ಲ, ನಾನೇ ಹೇಳುತ್ತೇನೆ: ಆಫೀಸಿನ ಗೆಳೆಯರಿಬ್ಬರು ಪೋರ್ಷೆ ಕೊಂಡಿದ್ದಾರೆ. ಅದರಲ್ಲೇನೂ ತಪ್ಪಿಲ್ಲ ಕಣೋ. ನಮ್ಮ ಕಾಲದಲ್ಲಿ ಪಕ್ಕದ ಮನೆಯವನು ಜಾವಾ ತಂದರೆ ನಮಗೂ ಹಾಗೇ ಆಗುತ್ತಿತ್ತು.

ಮೊದಲನೆಯ ದೂರು ತಗೋ. ನಾನೂ ನಿಮ್ಮತ್ತೆಯೂ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾಗ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವುಡ್‌ಸೈಡ್ ಕಡೆಯಿಂದ 84ನೇ ಹೆದ್ದಾರಿಯಲ್ಲಿ ಬೆಟ್ಟ ಹತ್ತಿಸಿ, ಮೇಲೆ ಸ್ಕೈಲೈನ್ ರಸ್ತೆಗೆ ತಿರುಗಿಸಿದೆಯಲ್ಲ, ನೆನಪಿದೆಯಾ? ಎರಡೂ ಕಡೆ ರೆಡ್‌ವುಡ್ ಮರ, ರಸ್ತೆ ಮೇಲೆ ಮಂಜು, ಕೂಡುರಸ್ತೆಯ ಹೋಟೆಲಿನ ಮುಂದೆ ಸಾಲಾಗಿ ನಿಂತ ಮೋಟಾರ್ ಸೈಕಲ್ಲು. ನೀನು ಮಾತಾಡುತ್ತಾ ಮೂರನೇ ಗೇರಿನಲ್ಲೇ ಹೋಗುತ್ತಿದ್ದೆ. ಎಂಜಿನ್ನು 4,000ದ ಮೇಲೆ ಹೋಗಲಿಲ್ಲ. ಒಂದು ಸಲ, ಮುಂದಿನ ಟ್ರಕ್ಕನ್ನು ದಾಟೋಕೆ ಎರಡನೇ ಗೇರಿಗೆ ಇಳಿಸಿ ಪೆಡಲು ಒತ್ತಿದೆ. ಡಿಜಿಟಲ್ ಮೀಟರಿನ ಪಟ್ಟಿ 6,000 ದಾಟಿತು ನೋಡು, ಅಲ್ಲಿಯವರೆಗೆ ಹೊಲಿಗೆ ಮೆಷಿನ್ನಿನ ಹಾಗಿದ್ದ ಎಂಜಿನ್ನು ದನಿ ಬದಲಿಸಿ ಕಿರುಚಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಎರಡೇ ಕ್ಷಣ. ಆಮೇಲೆ ನೀನು ಮತ್ತೆ ಗೇರು ಮೇಲೇರಿಸಿ ಆಫೀಸಿನ ಕಥೆ ಮುಂದುವರಿಸಿದೆ. ನನಗೆ ಹೊಟ್ಟೆ ಉರಿಯಿತು.

ಆ 6,000ದಲ್ಲಿ ಒಳಗೆ ಏನಾಗುತ್ತೆ ಅಂತ ನಿನಗೆ ಯಾರೂ ಬಿಡಿಸಿ ಹೇಳಿದ ಹಾಗಿಲ್ಲ. ಹೋಂಡಾದವರು ವೀಟೆಕ್ ಅನ್ನುತ್ತಾರೆ. ಪ್ರತಿ ಸಿಲಿಂಡರಿನ ವಾಲ್ವುಗಳಿಗೆ ಕ್ಯಾಮ್ ಶಾಫ್ಟಿನ ಮೇಲೆ ಎರಡು ಥರದ ಉಬ್ಬು ಇದೆ. ನಿಧಾನಕ್ಕೆ ಹೋಗುವಾಗ ಪಕ್ಕದ ಸಣ್ಣ ಉಬ್ಬುಗಳು ವಾಲ್ವನ್ನು ಸ್ವಲ್ಪವೇ ತೆರೆದು ಮುಚ್ಚುತ್ತವೆ. ನಡುವಿನ ಎತ್ತರದ ಉಬ್ಬು ಆಗ ಸುಮ್ಮನೆ ತನ್ನ ರಾಕರನ್ನು ಆಡಿಸುತ್ತಿರುತ್ತೆ, ವಾಲ್ವಿಗೂ ಅದಕ್ಕೂ ಸಂಬಂಧವಿಲ್ಲ. 6,000 ಮುಟ್ಟಿದಾಗ ಕಂಪ್ಯೂಟರು ಆಯಿಲ್ ಪ್ರೆಷರನ್ನು ಬಿಡುತ್ತೆ. ಆ ಒತ್ತಡಕ್ಕೆ ರಾಕರುಗಳ ಒಳಗಿನ ಪಿನ್ನು ಸರಿದು ಮೂರನ್ನೂ ಒಂದು ಮಾಡುತ್ತೆ. ಅಲ್ಲಿಂದ ವಾಲ್ವನ್ನು ಆಡಿಸೋದು ಎತ್ತರದ ಉಬ್ಬು. ವಾಲ್ವು ಹೆಚ್ಚು ಎತ್ತರ ತೆರೆಯುತ್ತೆ, ಹೆಚ್ಚು ಹೊತ್ತು ತೆರೆದಿರುತ್ತೆ, ಎಂಜಿನ್ನಿಗೆ ಉಸಿರು ಬರುತ್ತೆ. ಒಂದೇ ಹೆಡ್ಡಿನ ಕೆಳಗೆ ಮನೆಬಳಕೆಯ ಎಂಜಿನ್ ಒಂದು, ರೇಸಿನ ಎಂಜಿನ್ ಒಂದು. ನಿನ್ನ ಕಾರಿನಲ್ಲಿ 8,000ದ ಗೆರೆಯವರೆಗೂ ಎಳೆಯಬಹುದು. ಅದಕ್ಕೂ ಮೊದಲ 2 ಲೀಟರಿನ ಮಾದರಿ 9,000ದ ಹತ್ತಿರ ಹೋಗುತ್ತಿತ್ತು, ಟರ್ಬೊ ಇಲ್ಲದೆ ಲೀಟರಿಗೆ 120 ಅಶ್ವಶಕ್ತಿ ಕೊಡುತ್ತಿತ್ತು. ನನ್ನ ಇಡೀ ಸರ್ವಿಸಿನಲ್ಲಿ ಫಿಯೆಟ್ಟಿನ ಟ್ಯಾಪೆಟ್ಟು ಅಡ್ಜಸ್ಟ್ ಮಾಡಿಕೊಂಡು ಬಂದವನು ನಾನು. ಅಂಥ ವೇಗದಲ್ಲಿ ಸ್ಪ್ರಿಂಗು, ರಿಟೈನರು ಹೇಗೆ ತಡೆದುಕೊಳ್ಳುತ್ತವೆ ಅಂತ ಈಗಲೂ ಆಶ್ಚರ್ಯಪಡುತ್ತೇನೆ.

ಈಗ ಗೇರಿನ ಲೆಕ್ಕ ನೋಡು. ನಿನ್ನ ಕಾರು ಎರಡನೇ ಗೇರಿನಲ್ಲಿ 6,000 ಮುಟ್ಟುವಾಗ ವೇಗ ಗಂಟೆಗೆ 45 ಮೈಲಿಯ ಹತ್ತಿರ, ಗೆರೆಯವರೆಗೆ ಎಳೆದರೂ 60ರ ಆಸುಪಾಸು. ಬೆಟ್ಟದ ರಸ್ತೆಯಲ್ಲಿ, ಪೊಲೀಸರಿಗೆ ಹೆದರದೆ, ಆ ಎಂಜಿನ್ನಿನ ಒಳ್ಳೆಯ ಅರ್ಧದ ರುಚಿ ನೋಡಬಹುದು. ಕೇಮನ್ನಿನಲ್ಲಿ ಎರಡನೇ ಗೇರನ್ನು ಪೂರ್ತಿ ಎಳೆದರೆ 70 ಮೈಲಿ ದಾಟಿಬಿಡುತ್ತೆ. ಅಷ್ಟು ಶಕ್ತಿಯ ಕಾರನ್ನು ಸ್ಕೈಲೈನಿನ ತಿರುವಿನಲ್ಲಿ ಬಹುಪಾಲು ಹಿಡಿದೇ ಓಡಿಸಬೇಕು. ಆದರೆ ಪೇಟೆಯಲ್ಲಿ, 880 ಫ್ರೀವೇಯ ಟ್ರಾಫಿಕ್ಕಿನಲ್ಲಿ, ನೀನು ಹೇಳಿದ್ದು ನಿಜ: ಪೋರ್ಷೆ ಯಾವ ಗೇರಿನಲ್ಲಿ ಒತ್ತಿದರೂ ಎಳೆಯುತ್ತೆ, ಹೋಂಡಾ ಎಳೆಯೋದಿಲ್ಲ. ಹಾಗಾದರೆ ನೀನೇ ಹೇಳು, ಈ ಎರಡನೇ ಕಾರನ್ನು ಆಫೀಸಿನ ದಾರಿಗೆ ಇಟ್ಟುಕೊಂಡಿದ್ದೀಯೋ ಬೆಟ್ಟದ ದಾರಿಗೋ? ಆಫೀಸಿಗಾದರೆ ಪೋರ್ಷೆ ಸರಿ. ಬೆಟ್ಟಕ್ಕಾದರೆ ಗೇರು ಇಳಿಸೋದು ಕಲಿ, ಕಾಸೇನೂ ಖರ್ಚಿಲ್ಲ.

ಎರಡನೆಯ ದೂರು ನನಗೆ ಹೆಚ್ಚು ಚಿಂತೆಯದು, ಯಾಕೆಂದರೆ ಅದು ಪ್ರಾಣದ ವಿಷಯ. ಹಿಂಭಾಗ ಜಾರುತ್ತೆ ಅಂದೆಯಲ್ಲ, ಟೈರು ಯಾವ ವರ್ಷದ್ದು ಅಂತ ಕೇಳಿದ್ದಕ್ಕೆ "ಟ್ರೆಡ್ ಚೆನ್ನಾಗಿದೆ ಮಾವ" ಅಂದೆ. ಟ್ರೆಡ್ ಕೇಳಲಿಲ್ಲ ನಾನು. ಟೈರಿನ ಪಕ್ಕದ ಗೋಡೆ ಮೇಲೆ ಡಾಟ್ ಅಂತ ಶುರುವಾಗುವ ಒಂದು ಸಾಲು ಅಚ್ಚಾಗಿರುತ್ತೆ. ಅದರ ಕೊನೆಗೆ ಒಂದು ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2315 ಅಂತಿದ್ದರೆ 2015ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕದಲ್ಲಿರುತ್ತೆ, ಕಾರಿನ ಕೆಳಗೆ ತಲೆ ಹಾಕಬೇಕಾಗುತ್ತೆ. ವರ್ಷಕ್ಕೆ ಸ್ವಲ್ಪವೇ ಓಡುವ ಕಾರಿನ ಟೈರಿಗೆ ಟ್ರೆಡ್ ಸವೆಯುವುದಿಲ್ಲ, ರಬ್ಬರು ಮಾತ್ರ ಗಟ್ಟಿಯಾಗುತ್ತೆ. ಉಗುರಿನಿಂದ ಒತ್ತಿದರೆ ಗುರುತು ಬೀಳದಂಥ ಟೈರಿನಲ್ಲಿ ಮಳೆಗೆ ಹೋದರೆ ಯಾವ ಕಾರಾದರೂ ಜಾರುತ್ತೆ. ಪೋರ್ಷೆಯೂ.

ಹಾಗೇ ಹಿಂದಿನ ಟೈರುಗಳ ಒಳಅಂಚನ್ನು ಕೈಯಿಂದ ಸವರಿ ನೋಡು. ಈ ಕಾರಿನ ಹಿಂಚಕ್ರ ತಲೆ ಒಳಕ್ಕೆ ವಾಲಿಸಿಕೊಂಡು ನಿಲ್ಲುತ್ತೆ, ಒಳಗಡೆಯೇ ಬೇಗ ಸವೆಯುತ್ತೆ. ಹೊರಗಿನಿಂದ ನೋಡಿದವನಿಗೆ ಟೈರು ಹೊಸದರ ಹಾಗಿರುತ್ತೆ, ಒಳಗೆ ತಂತಿ ಕಾಣುತ್ತಿರುತ್ತೆ. ಮುಂದಿನದು 215 ಅಗಲ, ಹಿಂದಿನದು 245, ಅದರಿಂದ ಹಿಂದು ಮುಂದು ಬದಲಾಯಿಸುವ ಹಾಗೂ ಇಲ್ಲ. ಅಲೈನ್‌ಮೆಂಟ್ ಮಾಡಿಸುವಾಗ ಹಿಂದಿನ ಚಕ್ರಗಳ ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಎಷ್ಟಿದೆ ಅಂತ ಪ್ರಿಂಟ್ ಕೇಳು. ಈ ವಯಸ್ಸಿನ ಕಾರುಗಳಲ್ಲಿ ಅಡ್ಜಸ್ಟ್ ಮಾಡುವ ಬೋಲ್ಟುಗಳು ಬುಷ್ಷಿನ ಒಳಗೇ ಕಚ್ಚಿಕೊಂಡಿರುತ್ತವೆ. ಕೆಲಸಗಾರ ಎರಡು ಸಲ ಸ್ಪ್ಯಾನರ್ ಹಾಕಿ ನೋಡಿ, ಅಲುಗದಿದ್ದರೆ ಮುಂದಿನದನ್ನಷ್ಟೇ ಸರಿಮಾಡಿ "ಆಯ್ತು ಸಾರ್" ಅಂತ ಕಳಿಸುತ್ತಾನೆ. ನಮ್ಮಲ್ಲೂ ಹಾಗೇ, ನಿಮ್ಮಲ್ಲೂ ಹಾಗೇ. ಬೋಲ್ಟು ಕತ್ತರಿಸಿ ಹೊಸದು ಹಾಕಬೇಕು. ಶಾಕ್ ಅಬ್ಸಾರ್ಬರು ಫ್ಯಾಕ್ಟರಿಯಿಂದ ಬಂದದ್ದೇ ಇದ್ದರೆ ಅದೂ ಮುಗಿದಿದೆ. ಮೂರನೆಯ ದೂರಾದ ಟಾಪಿನ ಸದ್ದಿಗೆ ಕಿಟಕಿಯಂಚಿನ ರಬ್ಬರು ಬದಲಾಯಿಸಿ ನೋಡಬಹುದು, ಸ್ವಲ್ಪ ಕಡಿಮೆಯಾದೀತು. ಪೂರ್ತಿ ಹೋಗುವುದಿಲ್ಲ. ಬಟ್ಟೆ ಬಟ್ಟೆಯೇ.

ನನಗೆ ಕಾಣುವುದು ಇಷ್ಟು. ನೀನು ಹೋಲಿಸುತ್ತಿರುವುದು ಹೋಂಡಾವನ್ನೂ ಪೋರ್ಷೆಯನ್ನೂ ಅಲ್ಲ. ವರ್ಷಗಟ್ಟಲೆ ಬರೀ ಆಯಿಲ್ ಬದಲಾಯಿಸಿ ಓಡಿಸಿದ ಒಂದು ಕಾರನ್ನೂ, ಮಾರುವವನು ತೊಳೆದು, ಪಾಲಿಷ್ ಹೊಡೆದು, ಹೊಸ ಟೈರು ಹಾಕಿ ನಿಲ್ಲಿಸಿದ ಇನ್ನೊಂದು ಕಾರನ್ನೂ ಹೋಲಿಸುತ್ತಿದ್ದೀಯ. ಟೆಸ್ಟ್ ಡ್ರೈವಿನಲ್ಲಿ ನಿನಗೆ "ಅಬ್ಬ, ಹಿಡಿದ ಕಡೆ ಹೋಗುತ್ತೆ" ಅನ್ನಿಸಿದ್ದರಲ್ಲಿ ಪೋರ್ಷೆಯ ಪಾಲು ಎಷ್ಟು, ಹೊಸ ಟೈರಿನ ಪಾಲು ಎಷ್ಟು? ಬಿಡಿಸಿ ನೋಡೋಕೆ ಒಂದೇ ದಾರಿ, ಮೊದಲು ನಿನ್ನದನ್ನು ಸರಿಮಾಡಿಸೋದು. ಮಾರೋದಾದರೂ ಆ ದುಡ್ಡು ಪೂರಾ ಹಾಳಾಗುವುದಿಲ್ಲ.

ಹೋಂಡಾ ಅಂದರೆ ನಿನ್ನ ಗೆಳೆಯರು ಮೂಗು ಮುರಿಯುತ್ತಾರೆ ಅಂದೆ. ಅವರಿಗೆ ಒಂದು ವಿಷಯ ಹೇಳು. ಹೋಂಡಾ ಕಂಪನಿ 1963ರಲ್ಲಿ ತಂದ ಮೊದಲ ಕಾರೇ ಸ್ಪೋರ್ಟ್ಸ್ ಕಾರು, ಎಸ್500. ಅರ್ಧ ಲೀಟರು ಚಿಲ್ಲರೆ ಎಂಜಿನ್ನು, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿದ್ದದ್ದು ಚೈನಿನಲ್ಲಿ! ಮೋಟಾರ್ ಸೈಕಲ್ ಮಾಡಿ ಪಳಗಿದವರಿಗೆ ಕೈಗೆ ಬಂದದ್ದೇ ಅದು. ಎಸ್2000 ಬಂದದ್ದು 1999ರಲ್ಲಿ, ಕಂಪನಿಗೆ ಐವತ್ತು ತುಂಬಿದ ಸಂಭ್ರಮಕ್ಕೆ. ಅದರ ಮುಖ್ಯ ಎಂಜಿನಿಯರ್ ಶಿಗೆರು ಉಎಹಾರಾ, ಫೆರಾರಿಯವರನ್ನೂ ಬೆಚ್ಚಿಸಿದ ಎನ್‌ಎಸ್‌ಎಕ್ಸ್ ಕಾರಿನ ಹಿಂದಿದ್ದವನೂ ಅವನೇ. 2009ರಲ್ಲಿ ತಯಾರಿಕೆ ನಿಂತಿತು. ಹತ್ತು ವರ್ಷದಲ್ಲಿ ಒಂದು ಲಕ್ಷದ ಹತ್ತು ಸಾವಿರ ಚಿಲ್ಲರೆ ಕಾರು. ಅದರ ಜಾಗಕ್ಕೆ ಕಂಪನಿ ಇನ್ನೊಂದನ್ನು ತರಲೇ ಇಲ್ಲ. ಹುಡುಗನಾಗಿದ್ದಾಗ ನಾನು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಮದ್ರಾಸಿನ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್‌ಗೆ ರೇಸು ನೋಡೋಕೆ ಹೋಗುತ್ತಿದ್ದೆ. ಬಿಸಿಲಲ್ಲಿ ನಿಂತು ಬರೀ ಸದ್ದು ಕೇಳೋಕೆ. ನಿನ್ನ ಕಾರಿನ ಆ ಎರಡು ಕ್ಷಣದ ಕಿರುಚಾಟ ಕೇಳಿದಾಗ ನನಗೆ ಆದದ್ದೇನು ಅಂತ ಈಗ ಗೊತ್ತಾಯಿತಲ್ಲ.

ಇನ್ನು ಪೋರ್ಷೆ. ಅದನ್ನು ಹೀಗಳೆಯೋಕೆ ನಾನು ಬರೆಯುತ್ತಿಲ್ಲ, ಎಂಜಿನ್ನನ್ನು ನಡುವೆ ಇಟ್ಟ ಅಂಥ ಕಾರಿನ ಸಮತೋಲ ಹೋಂಡಾಕ್ಕೂ ಇಲ್ಲ. ಆದರೆ ನೀನು ನೋಡಿರುವ ಇಸವಿ ನನಗೆ ಹಿಡಿಸಲಿಲ್ಲ. 1990ರ ದಶಕದ ಆರಂಭದಲ್ಲಿ ಪೋರ್ಷೆ ಕಂಪನಿಯ ಸ್ಥಿತಿ ತೀರಾ ಕೆಟ್ಟಿತ್ತು. ಖರ್ಚು ಉಳಿಸೋಕೆ ಬಾಕ್ಸ್‌ಸ್ಟರ್ ಮತ್ತು 911 ಎರಡಕ್ಕೂ ಒಂದೇ ಬಗೆಯ, ನೀರಿನಿಂದ ತಣಿಯುವ ಹೊಸ ಎಂಜಿನ್ ಮಾಡಿದರು. ಕಂಪನಿ ಉಳಿಯಿತು. ನೀನು ನೋಡಿರುವ ಕೇಮನ್ನಿನದೂ ಅದೇ ವಂಶದ ಎಂಜಿನ್ನು. ಆ ಎಂಜಿನ್ನಿನಲ್ಲಿ ಕ್ರ್ಯಾಂಕಿಗೂ ಕ್ಯಾಮಿಗೂ ನಡುವೆ ಒಂದು ಶಾಫ್ಟು ಇದೆ, ಅದರ ಒಂದು ತುದಿ ಒಂದು ಸೀಲ್ ಮಾಡಿದ ಬಾಲ್ ಬೇರಿಂಗಿನ ಮೇಲೆ ತಿರುಗುತ್ತೆ. ಕಾಲಕ್ರಮದಲ್ಲಿ ಒಳಗಿನ ಗ್ರೀಸು ತೊಳೆದುಹೋಗಿ ಬೇರಿಂಗು ಒಡೆದರೆ ಟೈಮಿಂಗು ತಪ್ಪಿ, ವಾಲ್ವು ಪಿಸ್ಟನ್ನಿಗೆ ಬಡಿದು, ಇಡೀ ಎಂಜಿನ್ನು ಗುಜರಿ. ಅಮೆರಿಕದಲ್ಲಿ ಅದು ಕೋರ್ಟಿಗೆ ಹೋಗಿ 2001ರಿಂದ 2005ರ ಕಾರುಗಳ ವಿಷಯದಲ್ಲಿ 2013ರಲ್ಲಿ ರಾಜಿಯಾಯಿತು. 2006ರಿಂದ 2008ರವರೆಗಿನ ಎಂಜಿನ್ನಿಗೆ ದೊಡ್ಡ ಬೇರಿಂಗು ಹಾಕಿದರು. ಅದು ಕೆಡುವುದು ಬಹಳ ಕಡಿಮೆ. ಆದರೆ ಬದಲಾಯಿಸಬೇಕೆಂದರೆ ಎಂಜಿನ್ನನ್ನೇ ಎರಡು ಹೋಳು ಮಾಡಬೇಕು.

ಬೇರಿಂಗಿಗಿಂತ ನನಗೆ ಭಯ ಬೋರಿನದು. ಆ ಕಾಲದ 3.4 ಲೀಟರಿನ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ಮೇಲಿನ ಲೇಪ ಕಿತ್ತು ಸಿಲಿಂಡರಿನ ಗೋಡೆಗೆ ಗೀರು ಬೀಳುವ ರೋಗ ಇದೆ. ಶುರುವಿನಲ್ಲಿ ಟಿಕ್ ಟಿಕ್ ಸದ್ದು, ಆಯಿಲ್ ಕುಡಿಯೋದು, ಆಮೇಲೆ ಹೊಗೆ. ನಮ್ಮ ಅಂಬಾಸಿಡರಿನ ಹಾಗೆ ಜೆ.ಸಿ. ರೋಡಿಗೆ ಹೋಗಿ ಓವರ್‌ಸೈಜ್ ಪಿಸ್ಟನ್ನು ತಂದು ಬೋರು ಹೊಡೆಸುವಷ್ಟು ಸುಲಭದ್ದಲ್ಲ ಇದು. ತಜ್ಞರು ಬೇಕು, ದುಡ್ಡು ಕಾರಿನ ಬೆಲೆಯ ಹತ್ತಿರ ಹತ್ತಿರ ಬೇಕು. ನಿನಗೆ ಆ ಎಂಜಿನ್ನು ಕಣ್ಣಿಗೂ ಕಾಣುವುದಿಲ್ಲ. ಸೀಟಿನ ಹಿಂದೆ ಕಾರ್ಪೆಟ್ಟಿನ ಕೆಳಗೆ ಮುಚ್ಚಿಟ್ಟಿದ್ದಾರೆ. ಆಯಿಲ್ ನೋಡೋಕೆ ಡಿಪ್‌ಸ್ಟಿಕ್ಕೂ ಇಲ್ಲ, ಡ್ಯಾಶ್‌ಬೋರ್ಡ್ ಹೇಳಿದ್ದನ್ನು ನಂಬಬೇಕು. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ ನೋಡದ ಕಾರನ್ನು ನನ್ನಂಥವನು ಹೇಗೆ ನಂಬಲಿ?

ಆದರೂ ಅದೇ ಬೇಕು ಅನ್ನಿಸಿದರೆ, ಮಾರುವವನು ತೋರಿಸುವ ಸರ್ಟಿಫಿಕೇಟನ್ನು ನಂಬಿ ಸಹಿ ಹಾಕಬೇಡ. ಪೋರ್ಷೆ ಕೆಲಸವನ್ನೇ ಮಾಡುವ ಬೇರೆ ಗ್ಯಾರೇಜಿಗೆ ನಿನ್ನ ಖರ್ಚಿನಲ್ಲಿ ಒಯ್ಯಿ. ಕ್ಯಾಮೆರಾ ಹಾಕಿ ಸಿಲಿಂಡರು ನೋಡಲಿ. ಪ್ಲಗ್ಗಿನ ತೂತಿನಿಂದ ಇಣುಕಿದರೆ ಮೇಲಿನ ಭಾಗ ಮಾತ್ರ ಕಾಣುತ್ತೆ, ಗೀರು ಬೀಳೋದು ಕೆಳಗೆ. ಸಂಪ್ ಇಳಿಸಿ ಕೆಳಗಿನಿಂದ ನೋಡಬೇಕು. ಮಾರುವವನು ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಬಿಟ್ಟು ಬಾ. ಇನ್ನೊಂದು, ಹಿಂದಿನ ಯಜಮಾನ ಗೇರು ತಪ್ಪಿ, ನಾಲ್ಕಕ್ಕೆ ಹಾಕುವ ಬದಲು ಎರಡಕ್ಕೆ ಹಾಕಿ ಎಂಜಿನ್ನನ್ನು ಮಿತಿಮೀರಿ ತಿರುಗಿಸಿದ್ದರೆ ಅದರ ಕಂಪ್ಯೂಟರು ಚಿತ್ರಗುಪ್ತನ ಹಾಗೆ ಬರೆದಿಟ್ಟುಕೊಂಡಿರುತ್ತೆ. ಆ ಲೆಕ್ಕ ತೆಗೆಸಿ ಓದಿಸು. ನಿನ್ನ ಹೋಂಡಾದಲ್ಲಿ ಅಂಥ ಲೆಕ್ಕ ಇಲ್ಲ, ಅದರ ಲೆಕ್ಕ ನಿನಗೇ ಗೊತ್ತು. ಮೊದಲಿನಿಂದ ಅದನ್ನು ಓಡಿಸಿದವನು ನೀನೊಬ್ಬನೇ. ಹಳೇ ಕಾರಿನಲ್ಲಿ ಅದಕ್ಕಿಂತ ದೊಡ್ಡ ಗ್ಯಾರಂಟಿ ನಾನು ಕಂಡಿಲ್ಲ.

ದುಡ್ಡಿನ ಮಾತು. ಇವತ್ತು ಎರಡೂ ಕಾರಿಗೆ ಹತ್ತಿರ ಹತ್ತಿರ ಬೆಲೆ ಅಂದೆ. ಯಾಕಿರಬಹುದು ಯೋಚಿಸು. 59,000ದ ಕಾರು ಇಳಿದು ಇಳಿದು ಇಲ್ಲಿಗೆ ಬಂತು, 34,000ದ ಕಾರು ಇಳಿಯೋದು ನಿಲ್ಲಿಸಿತು. ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಕ್ಲಚ್ಚು, ವಾಟರ್ ಪಂಪು, ಬ್ರೇಕ್ ಡಿಸ್ಕು ಎಲ್ಲದಕ್ಕೂ ನೀನು ಕೊಡೋದು ಆ ಹಳೆಯ ದರ್ಜೆಯ ರೇಟೇ. ಹೋಂಡಾದಲ್ಲಿ ಬೇರೆ ತಾಪತ್ರಯ, ಕೆಲವು ಭಾಗ ಸಿಗೋದೇ ಕಷ್ಟವಾಗುತ್ತಿದೆ. ಮಾಮೂಲಿ ಇನ್ಶೂರೆನ್ಸಿನವರು ಕಾರು ಹೋದರೆ ತಮ್ಮ ಲೆಕ್ಕದ ಬೆಲೆ ಕಟ್ಟುತ್ತಾರೆ, ಅದರಲ್ಲಿ ಇಂಥ ಇನ್ನೊಂದು ಕಾರು ಬರುವುದಿಲ್ಲ. ಮೊದಲೇ ಬೆಲೆ ಒಪ್ಪಿಕೊಂಡು ಬರೆಯುವ ಪಾಲಿಸಿ ಇದೆಯಲ್ಲ, ಅದಕ್ಕೆ ಬದಲಾಯಿಸು.

ಡೀಲರು ನಿನ್ನ ಕಾರನ್ನು ತಗೊಂಡು ವ್ಯತ್ಯಾಸ ಮಾತ್ರ ಕೊಡು ಅಂದನಂತೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಹಾಗೆ ಮಾಡಿದರೆ ಆ ವ್ಯತ್ಯಾಸಕ್ಕಷ್ಟೇ ಸೇಲ್ಸ್ ಟ್ಯಾಕ್ಸು. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಹಳೇ ಕಾರು ಕೊಟ್ಟರೂ ಬಿಟ್ಟರೂ ಹೊಸದರ ಪೂರ್ತಿ ಬೆಲೆಯ ಮೇಲೆ ತೆರಿಗೆ. ರಾಜ್ಯದ ಮೂಲ ದರವೇ ಶೇಕಡಾ 7.25, ಊರಿನದು ಸೇರಿದರೆ ನಿಮ್ಮ ಫ್ರೀಮಾಂಟಿನಲ್ಲಿ 10 ದಾಟುತ್ತೆ. ಅಂದಮೇಲೆ ಡೀಲರಿಗೆ ಕೊಡೋದರಲ್ಲಿ ತೆರಿಗೆಯ ಲಾಭ ಏನೂ ಇಲ್ಲ, ಅವನ ಲಾಭ ಮಾತ್ರ ಇದೆ. ಮಾರೋದಾದರೆ ನೀನೇ ಮಾರು. ಹೊಗೆ ತಪಾಸಣೆಯ ಸ್ಮಾಗ್ ಸರ್ಟಿಫಿಕೇಟು ಮಾರುವವನೇ ಕೊಡಬೇಕು, 90 ದಿನದೊಳಗಿನದಿರಬೇಕು. ಮಾರಿದ ಐದು ದಿನದೊಳಗೆ ಡಿಎಂವಿಗೆ, ಅಂದರೆ ನಿಮ್ಮಲ್ಲಿನ ಆರ್‌ಟಿಓಗೆ, ತಿಳಿಸು, ಇಲ್ಲದಿದ್ದರೆ ಕೊಂಡವನು ಕಟ್ಟದ ಟೋಲು, ಪಾರ್ಕಿಂಗ್ ದಂಡ ಎಲ್ಲ ನಿನ್ನ ಮನೆಗೆ ಬರುತ್ತೆ. ಕಾರಿನ ಜತೆ ಬಂದ ಮೂಲ ಸೈಲೆನ್ಸರು, ಮೂಲ ಚಕ್ರಗಳು ಗ್ಯಾರೇಜಿನಲ್ಲಿದ್ದರೆ ಎಸೆಯಬೇಡ. ಕೊಳ್ಳುವವನು ಮೊದಲು ಕೇಳೋದು ಅದನ್ನೇ.

ಒಂದು ಸಲ ನೀನು "ವಾಪಸ್ ಬಂದಾಗ ಈ ಕಾರನ್ನು ಹಡಗಿನಲ್ಲಿ ಹಾಕಿಕೊಂಡು ಬರ್ತೀನಿ, ನೀನೂ ನಾನೂ ನಂದಿಬೆಟ್ಟಕ್ಕೆ ಹೋಗೋಣ" ಅಂದಿದ್ದೆ. ಅದು ಆಗೋದಿಲ್ಲ ಮಗೂ. ಬಳಸಿದ ಕಾರನ್ನು ಇಲ್ಲಿಗೆ ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗು ಬಲಗಡೆ ಇರಬೇಕು. ನಿನ್ನದು ಎರಡಕ್ಕೂ ಆಗದು, ಆ ಪೋರ್ಷೆಯೂ ಆಗದು. ಅದನ್ನು ನಿನ್ನ ಲೆಕ್ಕದಿಂದ ತೆಗೆದುಬಿಡು. ನಂದಿಬೆಟ್ಟಕ್ಕೆ ನನ್ನ ವ್ಯಾಗನ್‌ಆರ್ ಸಾಕು.

ಈಗ ನನ್ನ ತೀರ್ಮಾನ ಕೇಳು. ಆ 2007ರ ಕೇಮನ್ನನ್ನು ಬಿಡು. ಹೋಂಡಾಕ್ಕೆ ನಾಲ್ಕು ಹೊಸ ಟೈರು, ಬೋಲ್ಟು ಬಿಡಿಸಿ ಸರಿಯಾದ ಅಲೈನ್‌ಮೆಂಟು, ಬೇಕಿದ್ದರೆ ಶಾಕ್ ಅಬ್ಸಾರ್ಬರು ಹಾಕಿಸು. ಮಳೆಗಾಲ ಮುಗಿಯುವವರೆಗೆ ಓಡಿಸು, ಬೆಟ್ಟದಲ್ಲಿ ಗೇರು ಇಳಿಸಿ ಓಡಿಸು, ಪೆಟ್ರೋಲು ಹಾಕಿಸುವಾಗೆಲ್ಲ ಆಯಿಲ್ ನೋಡು, ಮೇಲಕ್ಕೆ ಎಳೆದಷ್ಟೂ ಅದು ಆಯಿಲ್ ಕುಡಿಯುತ್ತೆ. ಆಮೇಲೂ ಆಫೀಸಿನ ದಾರಿಯಲ್ಲಿ ಸಪ್ಪೆ ಅನ್ನಿಸಿದರೆ, ಆಗ ಪೋರ್ಷೆಯನ್ನೇ ತಗೋ. ಆದರೆ 2009ರ ಅಥವಾ ಆಮೇಲಿನದು. ಆ ವರ್ಷ ಎಂಜಿನ್ನನ್ನು ಹೊಸದಾಗಿ ಮಾಡಿದರು, ಆ ಬೇರಿಂಗೂ ಇಲ್ಲ, ಆ ಶಾಫ್ಟೂ ಇಲ್ಲ. ಕೇಮನ್ ಎಸ್ 320 ಅಶ್ವಶಕ್ತಿಗೆ ಏರಿತು. ನನ್ನ ಕೈಲಿ ಆರಿಸು ಅಂದರೆ 2.9 ಲೀಟರಿನ ಸಾದಾ ಕೇಮನ್ನನ್ನು ಆರಿಸುತ್ತೇನೆ. 265 ಅಶ್ವಶಕ್ತಿ ನಿನಗೆ ಧಾರಾಳ, ಒಳಗಿನ ಗೋಜೂ ಕಡಿಮೆ. ಅದಕ್ಕೆ ಹೆಚ್ಚು ದುಡ್ಡು ಬೇಕು, ಇನ್ನೊಂದು ವರ್ಷ ಕೂಡಿಡು.

ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ಹೇಳು, ಮಗುವಿಗೆ ಮುತ್ತು. ನಿಮ್ಮಮ್ಮನಿಗೆ ಭಾನುವಾರ ಫೋನ್ ಮಾಡು. ಟೈರಿನ ಮೇಲಿನ ಆ ನಾಲ್ಕಂಕಿ ಮಾತ್ರ ಭಾನುವಾರದವರೆಗೆ ಕಾಯಿಸಬೇಡ, ಇವತ್ತೇ ನೋಡಿ ನನಗೆ ಬರೆದು ತಿಳಿಸು.

ಇಂತು ನಿನ್ನ ಪ್ರೀತಿಯ
ಮಾವ